ಥ್ರೆಡ್‌ನೀಡಲ್ ಬೀದಿಯ ಮುದುಕಿಯ ಮನೆಯಲ್ಲಿ

ಲಂಡನ್ನಿಗೆ ಹೋದವರು ನೋಡುವ ಜಾಗಗಳ ಪಟ್ಟಿ ಹೆಚ್ಚುಕಮ್ಮಿ ಒಂದೇ. ರಾಣಿಯಿದ್ದ ಅರಮನೆ, ಗಡಿಯಾರದ ಗೋಪುರ, ಥೇಮ್ಸ್ ದಂಡೆಯ ದೊಡ್ಡ ಚಕ್ರ, ಮೇಣದ ಗೊಂಬೆಗಳು. ಮಗನ ಮನೆಯಲ್ಲಿ ಎರಡು ತಿಂಗಳಿದ್ದ ನಾವೂ ಮೊದಲ ಎರಡು ವಾರದಲ್ಲಿ ಅಷ್ಟನ್ನೂ ಮುಗಿಸಿಬಿಟ್ಟೆವು. ಆಮೇಲೆ ಮಗ ಕೇಳಿದ, "ಇನ್ನೆಲ್ಲಿಗೆ ಹೋಗ್ಬೇಕಮ್ಮ?" ನಾನು ಹೇಳಿದ್ದು ಬ್ಯಾಂಕ್ ಆಫ್ ಇಂಗ್ಲೆಂಡ್. ಸೊಸೆ ನಕ್ಕಳು. ಮೂವತ್ನಾಲ್ಕು ವರ್ಷ ಮೈಸೂರಿನ ಬ್ಯಾಂಕೊಂದರ ಕೌಂಟರಿನಲ್ಲಿ ಕೂತು ನೋಟು ಎಣಿಸಿದ್ದು ಸಾಲದು ಅಂತ ಇಲ್ಲಿಗೆ ಬಂದೂ ಬ್ಯಾಂಕಿಗೇ ಹೋಗ್ತಾರಲ್ಲ ಅಂತ. ನಗಲಿ ಬಿಡಿ. ತಿರುಪತಿಗೆ ಹೋಗದ ವೈಷ್ಣವರುಂಟೇ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಪುಕ್ಕಟೆ. ಆದರೆ ಶನಿವಾರ ಭಾನುವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ. ಹಾಗಾಗಿ ಮಗ ಸೊಸೆ ಆಫೀಸಿಗೆ ಹೋದ ಮೇಲೆ ನಾವಿಬ್ಬರೇ ನೆಲದಡಿಯ ರೈಲು ಹಿಡಿದು ಹೊರಟೆವು. ಇಳಿಯುವ ನಿಲ್ದಾಣದ ಹೆಸರೇ 'ಬ್ಯಾಂಕ್'.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಹಲವು ಬೀದಿಗಳು ಸೇರುವ ದೊಡ್ಡ ವೃತ್ತ. ನಮ್ಮ ಕೆ.ಆರ್. ಸರ್ಕಲ್ಲನ್ನು ಕಪ್ಪು ಕೋಟು ಹಾಕಿಕೊಂಡವರಿಂದ ತುಂಬಿಸಿದರೆ ಹೇಗೋ ಹಾಗೆ. ಒಂದು ಕಡೆ ರಾಯಲ್ ಎಕ್ಸ್‌ಚೇಂಜ್ ಎಂಬ ಕಂಬಗಳ ಕಟ್ಟಡ. ಒಂದು ಕಾಲಕ್ಕೆ ವರ್ತಕರು ಸೇರುತ್ತಿದ್ದ ಜಾಗ, ಈಗ ಅಲ್ಲಿ ವಾಚು, ಸುಗಂಧದ ಅಂಗಡಿಗಳು. ಅದರ ಮುಂದೆ ಕುದುರೆಯ ಮೇಲೆ ಕೂತ ಒಬ್ಬನ ಪ್ರತಿಮೆ. ಕುದುರೆಗೆ ಜೀನಿಲ್ಲ, ಸವಾರನ ಕಾಲಿಗೆ ರಿಕಾಪಿಲ್ಲ. ನಮ್ಮ ಮನೆಯವರು ಇತಿಹಾಸದ ಮೇಷ್ಟ್ರಾಗಿದ್ದವರು. ಹತ್ತಿರ ಹೋಗಿ ಹೆಸರು ಓದಿ, "ಲೇ, ಇವನು ನಮ್ಮೂರಿನವನೇ ಕಣೇ" ಅಂದರು.

ವೆಲಿಂಗ್ಟನ್ ಡ್ಯೂಕ್. ಅಂದರೆ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತಕ್ಕೆ ಕೂತವನು, ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಪ್ರತಿಮೆಯ ಕಂಚು ಫ್ರೆಂಚರಿಂದ ಕಿತ್ತುಕೊಂಡ ತೋಪುಗಳನ್ನು ಕರಗಿಸಿದ್ದಂತೆ. ಅವನು ಬ್ಯಾಂಕಿನ ಎದುರಿಗೇ ಕೂತಿದ್ದಾನಲ್ಲ ಅನ್ನುವುದು ನನಗೆ ಆಗ ತಮಾಷೆಯಾಗಿ ಕಂಡಿತ್ತು. ಒಳಗೆ ಹೋಗಿ ಬಂದ ಮೇಲೆ ಅನ್ನಿಸಿತು, ಅವನಿಗೆ ಸರಿಯಾದ ಜಾಗವೇ ಅದು.

ಸೋತವರಿಂದ ಯುದ್ಧದ ಖರ್ಚು ಕಕ್ಕಿಸುವುದು ನಮ್ಮ ಸೀಮೆಯವರಿಗೆ ಗೊತ್ತಿರುವ ಸಂಗತಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು, ಅದು ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅದು ಗೆದ್ದ ಮೇಲಿನ ವಸೂಲಿ. ಗೆಲ್ಲುವುದಕ್ಕೆ ಮುಂಚೆ ಸಿಪಾಯಿಗೆ ಸಂಬಳ, ಕುದುರೆಗೆ ಹುಲ್ಲು, ತೋಪಿಗೆ ಮದ್ದು ಬೇಕಲ್ಲ, ಆ ದುಡ್ಡು ಎಲ್ಲಿಂದ? ಉತ್ತರ ವೆಲಿಂಗ್ಟನ್ನನ ಪಕ್ಕದ ಗೋಡೆಯ ಹಿಂದಿದೆ.

ಗೋಡೆ ಅಂದರೆ ಗೋಡೆಯೇ. ಬೀದಿಯ ಮಟ್ಟದಲ್ಲಿ ಒಂದು ಕಿಟಕಿಯಿಲ್ಲ. ಜಾನ್ ಸೋನ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ್ದು. ಅದರ ಒಳಗಿನ ಹಳೆಯ ಕಟ್ಟಡವನ್ನು ಎರಡು ಮಹಾಯುದ್ಧಗಳ ನಡುವೆ ಕೆಡವಿ ಈಗಿನ ಎತ್ತರದ ಕಟ್ಟಡ ಎಬ್ಬಿಸಿದವನು ಹರ್ಬರ್ಟ್ ಬೇಕರ್. ದೆಹಲಿಯ ನಾರ್ತ್ ಬ್ಲಾಕ್ ಕಟ್ಟಿದವನೂ ಇವನೇ, ನಮ್ಮ ಹಣಕಾಸು ಸಚಿವಾಲಯ ದಶಕಗಟ್ಟಲೆ ಇದ್ದ ಕಟ್ಟಡ. ಪಕ್ಕದ ಬಾರ್ತಲೋಮ್ಯೂ ಗಲ್ಲಿಯಲ್ಲಿ ಮ್ಯೂಸಿಯಂನ ಬಾಗಿಲು. ಚೀಲ ತಪಾಸಣೆ ಮುಗಿಸಿ ಒಳಗೆ ಹೋದೆವು.

ಬ್ಯಾಂಕು ಹುಟ್ಟಿದ್ದು 1694ರಲ್ಲಿ. ಜನರ ಉಳಿತಾಯಕ್ಕಾಗಲಿ ವ್ಯಾಪಾರದ ಅನುಕೂಲಕ್ಕಾಗಲಿ ಅಲ್ಲ. ಫ್ರಾನ್ಸಿನ ಮೇಲೆ ಯುದ್ಧ ನಡೆದಿತ್ತು, ಮೂರನೇ ವಿಲಿಯಂ ರಾಜನ ಕೈಯಲ್ಲಿ ಕಾಸಿರಲಿಲ್ಲ. ನಾಲ್ಕು ವರ್ಷ ಹಿಂದೆ ಬೀಚಿ ಹೆಡ್ ಎಂಬಲ್ಲಿ ಫ್ರೆಂಚರು ಇಂಗ್ಲಿಷ್ ನೌಕಾಪಡೆಯನ್ನು ಬಡಿದು ಹಾಕಿದ್ದರು. ಹೊಸ ಹಡಗು ಬೇಕು, ಸಾಲ ಕೊಡುವವರಿಲ್ಲ. ಯಾಕೆ ಕೊಟ್ಟಾರು? 1672ರಲ್ಲಿ ಎರಡನೇ ಚಾರ್ಲ್ಸ್ ರಾಜ ಡಚ್ಚರ ವಿರುದ್ಧ ಹಡಗು ಸಜ್ಜು ಮಾಡಬೇಕೆಂದು ಖಜಾನೆಯಿಂದ ಸಾಲ ತೀರಿಸುವುದನ್ನೇ ನಿಲ್ಲಿಸಿದ್ದ. ದುಡ್ಡು ಕೊಟ್ಟಿದ್ದ ಲಂಡನ್ನಿನ ಅಕ್ಕಸಾಲಿಗರಲ್ಲಿ ಎಷ್ಟೋ ಜನ ದಿವಾಳಿಯೆದ್ದಿದ್ದರು. ರಾಜನ ಮಾತು ನಂಬಿ ಕೆಟ್ಟವರ ಮಕ್ಕಳು ಇನ್ನೂ ಬದುಕಿದ್ದರು.

ಆಗ ಹೊಳೆದ ಉಪಾಯ ಇದು. ಹಣವಂತರು ಒಟ್ಟಾಗಿ 12 ಲಕ್ಷ ಪೌಂಡ್ ಕೂಡಿಸಿ ಸರ್ಕಾರಕ್ಕೆ ಸಾಲ ಕೊಡುವುದು. ಬಡ್ಡಿ ನೂರಕ್ಕೆ ಎಂಟು. ಬಡ್ಡಿಯ ಹಣಕ್ಕೆ ಹಡಗುಗಳ ಮೇಲಿನ ಸುಂಕ, ಬಿಯರ್ ಮತ್ತು ಮದ್ಯದ ಮೇಲಿನ ಸುಂಕವನ್ನು ಕಾಯಿದೆ ಮಾಡಿ ಮೀಸಲಿಡುವುದು. ಹೊಣೆ ರಾಜನದಲ್ಲ, ಪಾರ್ಲಿಮೆಂಟಿನದು. ಸಾಲ ಕೊಟ್ಟವರಿಗೆ ಪ್ರತಿಫಲವಾಗಿ ಬ್ಯಾಂಕ್ ನಡೆಸುವ ಸನದು. ಹನ್ನೆರಡೇ ದಿನದಲ್ಲಿ ಪೂರ್ತಿ ಮೊತ್ತಕ್ಕೆ ಜನ ಹೆಸರು ಬರೆಸಿದರು.

ಕ್ಯಾಷಿಯರಿಕೆ ಮಾಡಿದ ನನಗೆ ನಿಜವಾಗಿ ರುಚಿಸಿದ್ದು ಮುಂದಿನ ಭಾಗ. ಹೆಸರು ಬರೆಸಿದವರು ಪೂರ್ತಿ ಹಣವನ್ನು ಒಂದೇ ಸಲ ತಂದು ಸುರಿಯಲಿಲ್ಲ. ಬ್ಯಾಂಕು ಸರ್ಕಾರಕ್ಕೆ ಬಹುಪಾಲು ಕೊಟ್ಟಿದ್ದೂ ನಾಣ್ಯದ ಮೂಟೆಯನ್ನಲ್ಲ, ತನ್ನ ಮೊಹರು ಒತ್ತಿದ ಕಾಗದವನ್ನು. ಸರ್ಕಾರ ಆ ಕಾಗದವನ್ನು ಸೈನ್ಯಕ್ಕೆ ಸಾಮಾನು ಒದಗಿಸಿದವರಿಗೆ ಕೊಟ್ಟಿತು, ಅವರು ಇನ್ನೊಬ್ಬರಿಗೆ ದಾಟಿಸಿದರು. ಸರ್ಕಾರದ ಸಾಲ ಕೈಯಿಂದ ಕೈಗೆ ತಿರುಗುತ್ತಾ ತಿರುಗುತ್ತಾ ಹಣವೇ ಆಗಿಬಿಟ್ಟಿತು. ನಾನು ದಿನಕ್ಕೆ ನೂರಾರು ಕಟ್ಟು ಎಣಿಸುತ್ತಿದ್ದಾಗ ಬೆರಳಿಗೆ ತಾಗುತ್ತಿದ್ದದ್ದರ ಹಿರಿಯಜ್ಜ ಒಂದು ಯುದ್ಧದ ಸಾಲಪತ್ರ ಅಂತ ಯಾರೂ ನಮಗೆ ಟ್ರೈನಿಂಗಿನಲ್ಲಿ ಹೇಳಿರಲಿಲ್ಲ.

ನೋಟಿನ ಮೇಲೆ ಒಂದು ವಾಕ್ಯವಿರುತ್ತದೆ, ನೋಡಿದ್ದೀರಲ್ಲ. ಇದನ್ನು ತಂದವರಿಗೆ ಇಷ್ಟು ಹಣ ಕೊಡುತ್ತೇನೆಂದು ವಚನ ಕೊಡುತ್ತೇನೆ ಅಂತ. ನಮ್ಮ ನೋಟಿನ ಮೇಲೂ ಇದೆ, ರಿಸರ್ವ್ ಬ್ಯಾಂಕ್ ಗವರ್ನರ ಸಹಿಯ ಮೇಲೆ. ಮೊದಮೊದಲು ಆ ಮಾತು ಅಕ್ಷರಶಃ ನಿಜ. ನೋಟು ತೆಗೆದುಕೊಂಡು ಈ ಬೀದಿಗೆ ಬಂದರೆ ಚಿನ್ನ ಎಣಿಸಿ ಕೊಡುತ್ತಿದ್ದರು.

ಅದು ಮುರಿದದ್ದು 1797ರ ಫೆಬ್ರವರಿಯಲ್ಲಿ. ಮತ್ತೆ ಫ್ರಾನ್ಸಿನ ಮೇಲೆ ಯುದ್ಧ. ಪ್ರಧಾನಿ ಪಿಟ್ ಬ್ಯಾಂಕಿನಿಂದ ಎತ್ತುತ್ತಲೇ ಇದ್ದ, ಮಿತ್ರರಾಜ್ಯಗಳಿಗೂ ದುಡ್ಡು ಕಳಿಸುತ್ತಿದ್ದ. ಅಷ್ಟರಲ್ಲಿ ವೇಲ್ಸಿನ ಫಿಶ್‌ಗಾರ್ಡ್ ಕರಾವಳಿಯಲ್ಲಿ ಒಂದಿಷ್ಟು ಫ್ರೆಂಚ್ ಸೈನಿಕರು ಇಳಿದರು. ಅವರು ಎರಡು ದಿನದಲ್ಲಿ ಶರಣಾದರು, ಆದರೆ ಸುದ್ದಿ ಹಬ್ಬಿತಲ್ಲ! ಜನ ನೋಟು ಹಿಡಿದು ಚಿನ್ನಕ್ಕೆ ಓಡಿದರು. ಭಾನುವಾರ ಸರ್ಕಾರದ ಆಜ್ಞೆ ಹೊರಟಿತು, ಸೋಮವಾರ ಬ್ಯಾಂಕು ಚಿನ್ನ ಕೊಡುವುದು ನಿಲ್ಲಿಸಿತು. ಕೆಲವು ವಾರದ ಮಟ್ಟಿಗೆ ಅಂದುಕೊಂಡದ್ದು 1821ರವರೆಗೆ ನಡೆಯಿತು. ಇಪ್ಪತ್ನಾಲ್ಕು ವರ್ಷ! ವಾಟರ್‌ಲೂ ಗೆದ್ದ ಸೈನ್ಯ ಉಂಡದ್ದು ಈ ಚಿನ್ನ ಸಿಗದ ನೋಟಿನ ಕಾಲದಲ್ಲೇ.

ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಅದೇ ವರ್ಷ ಬರೆದ ಚಿತ್ರದ ಪ್ರತಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಒಂದು ಪೌಂಡಿನ ನೋಟುಗಳನ್ನೇ ಹೊಲಿದ ಬಟ್ಟೆ ತೊಟ್ಟ ಮುದುಕಿ, ಬೀಗ ಹಾಕಿದ ಪೆಟ್ಟಿಗೆಯ ಮೇಲೆ ಕೂತು ಕಿರುಚುತ್ತಿದ್ದಾಳೆ. ಉದ್ದ ಮೂಗಿನ ಪಿಟ್ ಮುದ್ದು ಮಾಡುವ ನೆಪದಲ್ಲಿ ಅವಳ ಜೇಬಿಗೆ ಕೈ ಹಾಕಿದ್ದಾನೆ. ಅಂದಿನಿಂದ ಈ ಬ್ಯಾಂಕಿಗೆ 'ಥ್ರೆಡ್‌ನೀಡಲ್ ಬೀದಿಯ ಮುದುಕಿ' ಎಂಬ ಹೆಸರೇ ನಿಂತುಹೋಯಿತು. ತನ್ನನ್ನು ಅಣಕಿಸಿದ ಹೆಸರನ್ನೇ ಬ್ಯಾಂಕಿನವರು ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ, ಅದು ಮೆಚ್ಚಬೇಕಾದ್ದೇ.

ಮೆಚ್ಚಲಾಗದ್ದು ಇನ್ನೊಂದಿದೆ. ಅದುವರೆಗೆ ಅತಿ ಚಿಕ್ಕ ನೋಟು ಐದು ಪೌಂಡಿನದು, ಬಡವರ ಕೈಗೆ ಬರುತ್ತಲೇ ಇರಲಿಲ್ಲ. ಚಿನ್ನದ ನಾಣ್ಯ ಮಾಯವಾದಾಗ ಒಂದು ಪೌಂಡ್, ಎರಡು ಪೌಂಡಿನ ನೋಟು ಅಚ್ಚು ಹಾಕಿದರು. ಅವಸರದ ಅಚ್ಚು, ನಕಲು ಮಾಡುವುದು ಸುಲಭ. ಓದು ಬರಹ ಬಾರದ ಕೂಲಿಯವರಿಗೆ, ಮನೆಗೆಲಸದವರಿಗೆ ಅಸಲಿ ಯಾವುದು ನಕಲಿ ಯಾವುದು ಹೇಗೆ ತಿಳಿಯಬೇಕು? ಕಾನೂನು ಮಾತ್ರ ಕಟುವಾಗಿತ್ತು. ಖೋಟಾ ನೋಟು ಮಾಡಿದವರಿಗೂ ತಿಳಿದೂ ಚಲಾಯಿಸಿದವರಿಗೂ ಗಲ್ಲು. ಆ ಇಪ್ಪತ್ನಾಲ್ಕು ವರ್ಷದಲ್ಲಿ 300ಕ್ಕೂ ಹೆಚ್ಚು ಜನರನ್ನು ನೇಣಿಗೆ ಹಾಕಿದರು. ನ್ಯೂಗೇಟ್ ಸೆರೆಮನೆಯ ಮುಂದೆ ಹೆಂಗಸರೂ ನೇತಾಡುತ್ತಿದ್ದುದನ್ನು ಕಂಡ ಕ್ರೂಕ್‌ಶ್ಯಾಂಕ್ ಎಂಬ ಕಲಾವಿದ 1819ರಲ್ಲಿ ನೋಟಿನಂಥದೇ ಒಂದು ಚಿತ್ರ ಮಾಡಿದ. ಅದರಲ್ಲಿ ಸಾಲಾಗಿ ನೇತಾಡುವ ಹೆಣಗಳು, ಪೌಂಡಿನ ಗುರುತಿನ ಜಾಗದಲ್ಲಿ ನೇಣಿನ ಹಗ್ಗ. ನನ್ನ ಕೌಂಟರಿಗೂ ಖೋಟಾ ನೋಟು ಬರುತ್ತಿದ್ದವು. ಹೂ ಮಾರುವವರೋ ಸೊಪ್ಪಿನವರೋ ತಂದಿರುತ್ತಿದ್ದರು. ಅಡ್ಡಗೆರೆ ಎಳೆದು, ಮೊಹರು ಹಾಕಿ, ರಸೀತಿ ಬರೆದುಕೊಡುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಒಂದು ದಿನದ ದುಡಿಮೆ ಹೋಯಿತೆಂಬ ಸಂಕಟ ಅದು. ಇವರದು ಕೊರಳಿಗೇ ಬರುತ್ತಿತ್ತು.

ವರಮಾನ ತೆರಿಗೆಯೂ ಇದೇ ಯುದ್ಧದ ಕೂಸು. ಪಿಟ್ ಅದನ್ನು 1799ರಲ್ಲಿ ತಂದ. ಯುದ್ಧ ಮುಗಿದ ಮೇಲೆ 1816ರಲ್ಲಿ ರದ್ದಾಯಿತು, 1842ರಲ್ಲಿ ಯುದ್ಧವಿಲ್ಲದೆಯೂ ವಾಪಸು ಬಂದು ಹಾಗೇ ಉಳಿಯಿತು. ಬಂದ ತೆರಿಗೆ ಹೋದದ್ದುಂಟಾ!

ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಜವಾದ ಚಿನ್ನದ ಗಟ್ಟಿ ಇಟ್ಟಿದ್ದಾರೆ. ತೂತಿನೊಳಗೆ ಕೈ ಹಾಕಿ ಎತ್ತಿ ನೋಡಬಹುದು. ಸುಮಾರು 13 ಕಿಲೋ. ನಮ್ಮ ಮನೆಯವರು ಎತ್ತಲು ಹೋಗಿ ಮಣಿಕಟ್ಟು ನೀವಿಕೊಂಡರು. ನಮ್ಮ ಕಾಲಡಿಯ ನೆಲಮಾಳಿಗೆಗಳಲ್ಲಿ ಇಂಥವು ಸುಮಾರು 4 ಲಕ್ಷ ಇವೆಯಂತೆ, ಅನೇಕ ದೇಶಗಳವು. ನಮ್ಮವೂ ಇವೆ. ಕೊಲ್ಲಿ ಯುದ್ಧದಿಂದ ಎಣ್ಣೆ ಬೆಲೆ ಏರಿ, ಡಾಲರ್ ಖಾಲಿಯಾಗಿ 1991ರಲ್ಲಿ ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಕಳಿಸಿ ಅಡವಿಟ್ಟಾಗ ನಾನು ಕೆಲಸದಲ್ಲಿದ್ದೆ. ಗಿರಾಕಿಗಳ ಬಳೆ, ಸರ ತೂಗಿ ಸಾಲ ಕೊಡುವ ನಾವು ಅವತ್ತು ಊಟದ ಹೊತ್ತಿನಲ್ಲಿ ಯಾರೂ ಮಾತಾಡಿರಲಿಲ್ಲ. 2024ರಲ್ಲಿ ಇಂಗ್ಲೆಂಡಿನಲ್ಲಿದ್ದ ನಮ್ಮ ಚಿನ್ನದಲ್ಲಿ 100 ಟನ್ ಊರಿಗೆ ವಾಪಸು ಬಂತು ಅಂತ ಓದಿದಾಗ, ಮಗಳ ಸರ ಬಿಡಿಸಿಕೊಂಡ ತಾಯಿಗಾಗುವ ಸಮಾಧಾನ ನನಗೂ ಆಯಿತು.

1914ರ ಕಥೆಗೆ ಬಂದಾಗ ನನಗೆ ನಗುವೂ ಸಿಟ್ಟೂ ಒಟ್ಟಿಗೇ ಬಂತು. ಮೊದಲ ಮಹಾಯುದ್ಧ ಶುರುವಾದ ವಾರವೇ ಜನ ಚಿನ್ನದ ಸವರನ್ನುಗಳನ್ನು ಬಚ್ಚಿಡತೊಡಗಿದರು. ಸರ್ಕಾರ ಬ್ಯಾಂಕುಗಳಿಗೆ ರಜೆ ಘೋಷಿಸಿ, ತಾನೇ ಒಂದು ಪೌಂಡ್, ಹತ್ತು ಶಿಲಿಂಗಿನ ನೋಟು ಅಚ್ಚು ಹಾಕಿತು. ನೋಟಿನ ಕಾಗದ ಸಿಗದೆ ಅಂಚೆಚೀಟಿಯ ಕಾಗದದ ಮೇಲೆ! ಖಜಾನೆಯ ಕಾರ್ಯದರ್ಶಿ ಬ್ರಾಡ್‌ಬರಿ ಸಹಿ ಹಾಕಿದ್ದರಿಂದ ಜನ ಅದನ್ನು 'ಬ್ರಾಡ್‌ಬರಿ' ಅಂತಲೇ ಕರೆದರು. ಹೋದ ಚಿನ್ನದ ನಾಣ್ಯ ದಿನಬಳಕೆಗೆ ಮತ್ತೆ ಬರಲಿಲ್ಲ. 1925ರಲ್ಲಿ ಚರ್ಚಿಲ್ ಹಣಕಾಸು ಮಂತ್ರಿಯಾಗಿ ಪೌಂಡನ್ನು ಮತ್ತೆ ಚಿನ್ನಕ್ಕೆ ಕಟ್ಟಿದ, 1931ರಲ್ಲಿ ಆ ಗಂಟೂ ಬಿಚ್ಚಿತು.

1914ರ ನವೆಂಬರಿನಲ್ಲಿ ಸರ್ಕಾರ 35 ಕೋಟಿ ಪೌಂಡಿನ ಯುದ್ಧ ಸಾಲ ಕೇಳಿತು. ಸಾಲ ಪೂರ್ತಿ ಎದ್ದಿತು, ಜನ ಮುಗಿಬಿದ್ದು ಕೊಟ್ಟರು ಅಂತ ಪ್ರಚಾರವಾಯಿತು. ನೂರು ವರ್ಷ ಎಲ್ಲರೂ ಹಾಗೇ ನಂಬಿದ್ದರು. 2017ರಲ್ಲಿ ಬ್ಯಾಂಕಿನ ಹಳೇ ಲೆಡ್ಜರುಗಳನ್ನು ತೆಗೆದು ನೋಡಿದ ಸಂಶೋಧಕರು ನಿಜ ಹೇಳಿದರು. ಸಾರ್ವಜನಿಕರಿಂದ ಬಂದದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ! ಕೊರತೆ ತುಂಬಿಸಲು ಬ್ಯಾಂಕೇ ಗುಟ್ಟಾಗಿ ಸಾಲಪತ್ರ ಕೊಂಡಿತ್ತು. ಯಾರ ಹೆಸರಲ್ಲಿ ಗೊತ್ತೇ? ಚೀಫ್ ಕ್ಯಾಷಿಯರ್ ಮತ್ತು ಅವರ ಸಹಾಯಕರ ಹೆಸರಿನಲ್ಲಿ. ಸಂಜೆ ಲೆಕ್ಕದಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೆ ಕೈಯಿಂದ ಕಟ್ಟಿ ಮನೆಗೆ ಹೋಗುತ್ತಿದ್ದ ಜಾತಿ ನಮ್ಮದು. ಆ ಚೀಫ್ ಕ್ಯಾಷಿಯರ್ ಆ ರಾತ್ರಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿರಬಹುದು ಅಂತ ಯೋಚಿಸಿದೆ. ಆ ಯುದ್ಧದ ಸಾಲದ ಕೊನೆಯ ಪತ್ರಗಳನ್ನು ತೀರಿಸಿದ್ದು ಯಾವಾಗ ಅನ್ನಿ, 2015ರ ಮಾರ್ಚಿನಲ್ಲಿ. ಹೋರಾಡಿದ ಒಬ್ಬ ಸೈನಿಕನೂ ಆ ಹೊತ್ತಿಗೆ ಬದುಕಿರಲಿಲ್ಲ.

ಇದೆಲ್ಲ ಅವರ ಮನೆಯ ಕಥೆ ಅಂದುಕೊಂಡು ಓದುತ್ತಾ ಹೋದವಳಿಗೆ ನಮ್ಮ ಮನೆಯ ಕಥೆ ನೆನಪಾಗದೆ ಇರಲಿಲ್ಲ. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿನ ಯುದ್ಧದ ಖರ್ಚಿಗೆ 10 ಕೋಟಿ ಪೌಂಡ್ 'ಕಾಣಿಕೆ' ಕೊಟ್ಟಿತು. ಆಗಿನ ಲೆಕ್ಕಕ್ಕೆ 150 ಕೋಟಿ ರೂಪಾಯಿ. ಕಾಣಿಕೆ ಕೊಡಿ ಅಂತ ನಮ್ಮನ್ನು ಯಾರೂ ಕೇಳಲಿಲ್ಲ, ಕೊಟ್ಟವರೂ ತಗೊಂಡವರೂ ಒಂದೇ ಸರ್ಕಾರದವರು. ಅದೇ ವರ್ಷ ಬೆಳ್ಳಿ ದುಬಾರಿಯಾಗಿ, ರೂಪಾಯಿಯೊಳಗಿನ ಬೆಳ್ಳಿಯೇ ರೂಪಾಯಿಗಿಂತ ಬೆಲೆಬಾಳತೊಡಗಿತು. ಜನ ಕರಗಿಸಲು ಶುರು ಮಾಡಿದರು. ಆಗ ಬಂದದ್ದೇ ಒಂದು ರೂಪಾಯಿಯ ನೋಟು, ಮರುವರ್ಷ ಎರಡೂವರೆ ರೂಪಾಯಿಯ ನೋಟು. ಜನ ಕಾಗದ ನಂಬದೆ ಬೆಳ್ಳಿಯೇ ಬೇಕೆಂದಾಗ ಅಮೆರಿಕ ತನ್ನ ಡಾಲರ್ ನಾಣ್ಯಗಳನ್ನು ಕರಗಿಸಿ 20 ಕೋಟಿ ಔನ್ಸ್ ಬೆಳ್ಳಿ ಮಾರಿತು.

ಎರಡನೇ ಯುದ್ಧದಲ್ಲಿ ಆದದ್ದು ಇನ್ನೂ ಜಾಣತನದ್ದು, ಇನ್ನೂ ಕ್ರೂರವಾದದ್ದು. ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಬಟ್ಟೆ, ಅಕ್ಕಿ, ಕಬ್ಬಿಣ, ಟೆಂಟು ಎಲ್ಲ ಭಾರತದಲ್ಲಿ ಕೊಂಡರು. ಕೊಂಡ ಮಾಲಿನ ಲೆಕ್ಕವನ್ನು ಲಂಡನ್ನಿನಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ಹೆಸರಿಗೆ ಪೌಂಡಿನಲ್ಲಿ ಜಮಾ ಮಾಡಿದರು, ಯುದ್ಧ ಮುಗಿದ ಮೇಲೆ ಕೊಡುತ್ತೇವೆ ಅಂತ. ಆ ಜಮಾ ತೋರಿಸಿ ಇಲ್ಲಿ ರೂಪಾಯಿ ನೋಟು ಅಚ್ಚು ಹಾಕಿ ರೈತರಿಗೆ, ಗಿರಣಿಗಳಿಗೆ ಕೊಟ್ಟರು. 1939ರಲ್ಲಿ ಸುಮಾರು 180 ಕೋಟಿ ರೂಪಾಯಿಯ ನೋಟು ಚಲಾವಣೆಯಲ್ಲಿದ್ದದ್ದು 1945ಕ್ಕೆ ಸುಮಾರು 1,200 ಕೋಟಿ. ದುಡ್ಡು ಆರು ಪಟ್ಟಿಗೂ ಹೆಚ್ಚಾಯಿತು, ಕೊಳ್ಳಲು ಸಾಮಾನಿಲ್ಲ, ಅದು ಯುದ್ಧಕ್ಕೆ ಹೋಗಿತ್ತು. ಬೆಲೆ ಎರಡು ಪಟ್ಟು ಮೀರಿತು. ಕೂಲಿ ಏರದವರ ತಟ್ಟೆಯಿಂದ ಅನ್ನ ಸರಿಯಿತು. 1943ರ ಬಂಗಾಳದ ಕ್ಷಾಮಕ್ಕೆ ಚಂಡಮಾರುತ, ಬರ್ಮಾದ ಅಕ್ಕಿ ನಿಂತದ್ದು, ಸರ್ಕಾರದ ಕಲ್ಲೆದೆ ಹೀಗೆ ಹಲವು ಕಾರಣಗಳಿವೆ. ಆದರೆ ಯುದ್ಧದ ಈ ಬೆಲೆಯೇರಿಕೆ ಅದರಲ್ಲಿ ದೊಡ್ಡದು ಅಂತ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದಾರೆ. ಸತ್ತವರು ಸುಮಾರು 30 ಲಕ್ಷ. ಯುದ್ಧದ ಕೊನೆಗೆ ಲಂಡನ್ನಿನಲ್ಲಿ ನಮ್ಮ ಲೆಕ್ಕದಲ್ಲಿ ಸುಮಾರು 130 ಕೋಟಿ ಪೌಂಡ್ ಇತ್ತು. ಪುಸ್ತಕದಲ್ಲಿ ನಾವು ಸಾಲಗಾರರಲ್ಲ, ಸಾಲ ಕೊಟ್ಟ ಸಾಹುಕಾರರು!

ನಮ್ಮಜ್ಜಿಗೆ ಇದೊಂದೂ ಗೊತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಸಾಕ್ಷಿ. ತಾಮ್ರದ ಸಾಸಿವೆ ಡಬ್ಬಿಯಲ್ಲಿ ಒಂದು ಹಿಡಿ ತೂತಿನ ಕಾಸು ಇಟ್ಟಿದ್ದರು, 1943ರ ಇಸವಿಯವು. ನಾವು ಮಕ್ಕಳು ದಾರಕ್ಕೆ ಪೋಣಿಸಿ ಆಡುತ್ತಿದ್ದೆವು. "ತೂತು ಯಾಕಜ್ಜಿ?" ಅಂದರೆ, "ಯುದ್ಧ ತಿಂದ್ಬಿಡ್ತು ಮಗ" ಅನ್ನುತ್ತಿದ್ದರು. ನಿಜವೇ, ಲೋಹ ಉಳಿಸಲೆಂದೇ ಕಾಸಿನ ನಡುವೆ ತೂತು ಮಾಡಿದ್ದರು. ರಾಣಿ ಮುಖದ ಹಳೆ ರೂಪಾಯಿಗಳನ್ನೂ ಯುದ್ಧದ ನಡುವೆಯೇ ಚಲಾವಣೆಯಿಂದ ತೆಗೆದರು, ಹೊಸ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಕಲ್ಲಿನ ಮೇಲೆ ಬಡಿದರೆ ಮೊದಲಿನ ದನಿ ಬರುತ್ತಿರಲಿಲ್ಲವಂತೆ. 1940ರಲ್ಲಿ ಮತ್ತೆ ಬಂದ ಒಂದು ರೂಪಾಯಿ ನೋಟಿನ ಮೇಲೆ ವಚನದ ವಾಕ್ಯವೇ ಇಲ್ಲ. ಇವತ್ತಿಗೂ ನಮ್ಮ ಒಂದು ರೂಪಾಯಿ ನೋಟು ತೆಗೆದು ನೋಡಿ, ಇಲ್ಲ. ಸಹಿಯೂ ಗವರ್ನರದಲ್ಲ, ಹಣಕಾಸು ಕಾರ್ಯದರ್ಶಿಯದು. ಮುಯ್ಯಿ ಕವರಿಗೆ ಹೊಸ ಒಂದು ರೂಪಾಯಿ ನೋಟು ಬೇಕು ಅಂತ ಗಿರಾಕಿಗಳು ಪೀಡಿಸುತ್ತಿದ್ದಾಗಲೆಲ್ಲ ಅದನ್ನು ಗಮನಿಸಿದ್ದೆ, ಯುದ್ಧದ ಕಾಲದಿಂದ ಬಂದದ್ದು ಅಂತ ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ಹೊರಗೆ ಬರುವ ಹೊತ್ತಿಗೆ ಎರಡು ಗಂಟೆ. ವೆಲಿಂಗ್ಟನ್ನನ ಹತ್ತಿರವೇ ಮೊದಲ ಯುದ್ಧದಲ್ಲಿ ಸತ್ತ ಲಂಡನ್ನಿನ ಸೈನಿಕರ ಸ್ಮಾರಕವಿದೆ, ಅದರ ಕಟ್ಟೆಯ ಮೇಲೆ ಕೂತು ಸೊಸೆ ಕಟ್ಟಿಕೊಟ್ಟಿದ್ದ ಚಪಾತಿ ತಿಂದೆವು. ಆಫೀಸಿನ ಹುಡುಗರೂ ಅಲ್ಲೇ ಕೂತು ಡಬ್ಬಿ ಬಿಚ್ಚಿದ್ದರು. ಆಮೇಲೆ ಒಂದು ಕೆಲಸ ಬಾಕಿಯಿತ್ತು. ಮಗನ ಹಳೇ ಪುಸ್ತಕವೊಂದರಲ್ಲಿ ಇಪ್ಪತ್ತು ಪೌಂಡಿನ ಕಾಗದದ ನೋಟು ಸಿಕ್ಕಿತ್ತು. 2022ರಲ್ಲೇ ಅದು ಅಂಗಡಿಗಳಲ್ಲಿ ನಡೆಯುವುದು ನಿಂತಿದೆ, ಆದರೆ ಈ ಬ್ಯಾಂಕಿನ ಕೌಂಟರಿನಲ್ಲಿ ಯಾವಾಗ ಬೇಕಾದರೂ ಬದಲಾಯಿಸಿಕೊಡುತ್ತಾರೆ. ಸಾಲು ಬೀದಿಯವರೆಗೆ ಇತ್ತು. ಸತ್ತ ತಾಯಿಯ ಬೀರುವಿನಲ್ಲಿ ಸಿಕ್ಕ ನೋಟುಗಳನ್ನು ಕವರಿನಲ್ಲಿ ಹಿಡಿದ ಒಬ್ಬಾಕೆ ನನ್ನ ಮುಂದೆ ನಿಂತಿದ್ದಳು.

ನಮ್ಮ ನೋಟಿನ ಮೇಲೆ ಆಡಂ ಸ್ಮಿತ್ ಇದ್ದ. ಯುದ್ಧದ ಖರ್ಚನ್ನು ಸಾಲ ಮಾಡದೆ ಆಯಾ ವರ್ಷದ ತೆರಿಗೆಯಿಂದಲೇ ಕೊಡಬೇಕಾಗಿ ಬಂದಿದ್ದರೆ ಯುದ್ಧಗಳು ಬೇಗ ಮುಗಿಯುತ್ತಿದ್ದವು ಅಂತ ಬರೆದವನು ಅವನೇ. ಕೌಂಟರಿನ ಹುಡುಗ ನೋಟನ್ನು ಬೆಳಕಿಗೆ ಹಿಡಿದ, ಹೆಬ್ಬೆರಳಿನಿಂದ ಒಮ್ಮೆ ಸವರಿದ. ಎಲ್ಲ ದೇಶದ ಕ್ಯಾಷಿಯರುಗಳೂ ಹಾಗೇ ಸವರುವುದು. ಗುರುತಿನ ಚೀಟಿ ನೋಡಿ ಹೊಸ ಪ್ಲಾಸ್ಟಿಕ್ ನೋಟು ಕೊಟ್ಟ. ಅದರ ಮೇಲೂ ಅದೇ ವಚನ, ಬೇಡಿಕೆಯ ಮೇರೆಗೆ ಇಪ್ಪತ್ತು ಪೌಂಡ್ ಕೊಡುತ್ತೇವೆ ಅಂತ. ಹಿಂಬದಿಯಲ್ಲಿ ಟರ್ನರ್ ಎಂಬ ಚಿತ್ರಕಾರ, ಅವನ ಹಿಂದೆ ಅವನೇ ಬರೆದ ಚಿತ್ರ. ನೆಪೋಲಿಯನ್ನನ ಕಾಲದಲ್ಲಿ ಟ್ರಫಾಲ್ಗರಿನಲ್ಲಿ ಕಾದಾಡಿದ ದೊಡ್ಡ ಹಡಗು ಟೆಮೆರೇರ್. ಒಂದು ಪುಟ್ಟ ಹೊಗೆದೋಣಿ ಅದನ್ನು ಒಡೆಯುವ ಕಟ್ಟೆಗೆ ಎಳೆದುಕೊಂಡು ಹೋಗುತ್ತಿದೆ.